ಕೈಗೆ ಕೆಲಸ ಕಲಿಸುವ ಯಂತ್ರ

ಯಂತ್ರವೆಂದರೆ ನಮ್ಮ ಗಿರಣಿ ಕಾರ್ಮಿಕರು ಹುಬ್ಬು ಗಂಟಿಕ್ಕುವುದು ಸಹಜ. ಹತ್ತು ಕೈಗಳ ಕೆಲಸವನ್ನು ಒಂದು ಯಂತ್ರ ಮಾಡಿ, ಒಂಬತ್ತು ಕೈಗಳನ್ನು ಮನೆಗೆ ಕಳುಹಿಸಿದ ಕಥೆಯನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದಕ್ಕೆ ತದ್ವಿರುದ್ಧವಾದ ಕೆಲಸಕ್ಕಾಗಿ ಹುಟ್ಟಿದ ಯಂತ್ರವೂ ಒಂದುಂಟು. ಪಾರ್ಶ್ವವಾಯು ಬಡಿದು ಸ್ವಾಧೀನ ತಪ್ಪಿದ ಕೈಗೆ ಹಿಡಿಯುವುದನ್ನೂ ಬಿಡುವುದನ್ನೂ ಮತ್ತೆ ಅಭ್ಯಾಸಮಾಡಿಸುವುದೇ ಅದರ ಕೆಲಸ. ಇದರ ವಿಷಯದಲ್ಲಿ ಬಿಳಿಗೆರೆಯಂಥ ಊರಿನವರು ಏನನ್ನು ಕೇಳಬೇಕು, ಏನನ್ನು ನಂಬಬಾರದು ಎಂಬುದನ್ನು ವಾಚಕರ ಮುಂದಿಡಬಯಸುತ್ತೇವೆ.

ಲಕ್ವ ಹೊಡೆದ ಕೈ ಸತ್ತ ಕೈ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದುಂಟು. ಅದು ನಿಜವಲ್ಲ. ಮೂಳೆ ಮಾಂಸ ಎಲ್ಲವೂ ಇದ್ದಂತೆಯೇ ಇರುತ್ತವೆ. ಮಿದುಳಿನ ರಕ್ತನಾಳ ಕಟ್ಟಿಕೊಂಡೋ ಒಡೆದೋ ಕೈಗೆ ಅಪ್ಪಣೆ ಕೊಡುವ ಭಾಗ ಹಾಳಾಗಿರುತ್ತದೆ, ಅಷ್ಟೆ. ನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಔಷಧವುಂಟು. ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೊತ್ತು ಮೀರಿ ಕೈ ಸ್ವಾಧೀನ ತಪ್ಪಿದವರಿಗೆ ಮುಖ್ಯ ದಾರಿ ಅಭ್ಯಾಸ. ಮಿದುಳಿನ ಉಳಿದ ಭಾಗ ಆ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕಲಿಯಬಲ್ಲದು. ಮಗು ಮಗ್ಗಿ ಕಲಿತಂತೆ, ಹೇಳಿದ್ದನ್ನೇ ಹೇಳಿ, ಮಾಡಿದ್ದನ್ನೇ ಮಾಡಿ. ಎರಡು ಸಲ ಹೇಳಿದರೆ ಮಗ್ಗಿ ಬಾರದು. ಅಮೆರಿಕದಲ್ಲಿ ಚಿಕಿತ್ಸೆಯ ಕೋಣೆಯೊಳಗೆ ಕುಳಿತು ಎಣಿಸಿದವರು 2009ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ರೋಗಿಯ ಕೈ ಒಂದು ಸರದಿಯಲ್ಲಿ ಮಾಡುತ್ತಿದ್ದ ಉಪಯುಕ್ತ ಚಲನೆ ಸರಾಸರಿ ಮೂವತ್ತೆರಡು ಸಲ ಮಾತ್ರ. ಸಿರಿವಂತ ದೇಶದ ಪಾಡು ಇದು.

ಈ ಕೊರತೆಯನ್ನು ತುಂಬಲೆಂದೇ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು ಕಳೆದ ಶತಮಾನದ ಕೊನೆಯಲ್ಲಿ ತೋಳಿಗೆ ಅಭ್ಯಾಸ ಕೊಡುವ ಯಂತ್ರವನ್ನು ಮಾಡಿದರು. ನಮಗೆ ಹತ್ತಿರದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಮದರಾಸಿನ ಐ.ಐ.ಟಿ. ಕೂಡಿ ಕೈಗೆಂದೇ ಒಂದು ಸಣ್ಣ ಯಂತ್ರವನ್ನು ರೂಪಿಸಿವೆ. ಪ್ಲೂಟೊ ಎಂದು ಅದರ ಹೆಸರು. ಯಂತ್ರಮಾನವ ಎಂದೊಡನೆ ಕೈಕಾಲುಳ್ಳ ಉಕ್ಕಿನ ಮನುಷ್ಯನನ್ನು ಯಾರೂ ಕಲ್ಪಿಸಿಕೊಳ್ಳಬೇಕಾಗಿಲ್ಲ. ಇದು ಮೇಜಿನ ಮೇಲಿಡುವ ಯಂತ್ರ. ಇರುವುದು ಒಂದೇ ಮೋಟಾರು. ಅದಕ್ಕೆ ಬೇರೆ ಬೇರೆ ಹಿಡಿಗಳನ್ನು ಸಿಕ್ಕಿಸಿದರೆ ಒಮ್ಮೆ ಮಣಿಕಟ್ಟು ಮಡಿಸುವುದು, ಒಮ್ಮೆ ಮುಂಗೈ ಹೊರಳಿಸುವುದು, ಒಮ್ಮೆ ಮುಷ್ಟಿ ಬಿಚ್ಚಿ ಮುಚ್ಚುವುದು. ರೋಗಿ ಪರದೆಯ ಮೇಲಿನ ಆಟ ನೋಡುತ್ತ ಕೈಯಾಡಿಸುತ್ತಾನೆ. ಸೋತಲ್ಲಿ ಯಂತ್ರ ನೆರವಾಗುತ್ತದೆ. ರೋಬಾಟ್ ಎಂಬ ಹೆಸರು ಚೆಕ್ ಲೇಖಕ ಕರೆಲ್ ಚಾಪೆಕ್‌ನ 1920ರ ನಾಟಕದಿಂದ ಬಂದದ್ದು. ಅದರ ಮೂಲದಲ್ಲಿರುವ ಚೆಕ್ ಮಾತಿಗೆ ಬಿಟ್ಟಿ ಬೇಗಾರಿ ಎಂದರ್ಥ. ಬೇಗಾರಿ ಮಾಡಿ ಮಾಡಿ ಬಿದ್ದವನಿಗೆ ಯಂತ್ರವೇ ಬೇಗಾರಿ ಮಾಡುವುದಾದರೆ ನಮ್ಮ ಆಕ್ಷೇಪಣೆ ಏನೂ ಇಲ್ಲ.

ಹಾಗೆಂದು ಯಂತ್ರ ಪವಾಡ ಮಾಡುತ್ತದೆಯೆ? ಇಲ್ಲ. ಪಾರ್ಶ್ವವಾಯು ಬಡಿದು ಆರು ತಿಂಗಳಿಗೂ ಹೆಚ್ಚಾಗಿದ್ದ 127 ಮಂದಿಯ ಮೇಲೆ ಅಮೆರಿಕದಲ್ಲಿ ಪರೀಕ್ಷೆ ನಡೆಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಹನ್ನೆರಡು ವಾರಗಳ ಕೊನೆಯಲ್ಲಿ ಯಂತ್ರದವರಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಮೂವತ್ತಾರು ವಾರಗಳ ಹೊತ್ತಿಗೆ ಸಾಮಾನ್ಯ ಚಿಕಿತ್ಸೆಯವರಿಗಿಂತ ಸ್ವಲ್ಪ ಮುಂದಿದ್ದರು. ಆದರೆ ಮನುಷ್ಯನೇ ಕುಳಿತು ಅಷ್ಟೇ ಶ್ರಮದ ಅಭ್ಯಾಸ ಮಾಡಿಸಿದವರಿಗಿಂತ ಮುಂದಿರಲಿಲ್ಲ. ಬ್ರಿಟನ್ನಿನಲ್ಲಿ 770 ಮಂದಿಯನ್ನು ಪರೀಕ್ಷಿಸಿ 2019ರಲ್ಲಿ ಹೊರಬಂದ ಫಲಿತಾಂಶ ಇನ್ನೂ ಕಟು. ಯಂತ್ರದ ಅಭ್ಯಾಸ ಪಡೆದವರ ಕೈ ಅಲ್ಲಿನ ಸಾಮಾನ್ಯ ಚಿಕಿತ್ಸೆ ಪಡೆದವರ ಕೈಗಿಂತ ಹೆಚ್ಚು ಸುಧಾರಿಸಲಿಲ್ಲ. ದೊಡ್ಡ ಊರುಗಳಲ್ಲಿ ರೋಬಾಟ್ ಚಿಕಿತ್ಸೆ ಎಂಬ ಫಲಕ ಕಂಡು ಹೆಂಡತಿಯ ಒಡವೆ ಅಡವಿಡಲು ಹೊರಡುವವರು ಇದನ್ನು ಮೊದಲು ತಿಳಿಯಬೇಕು.

ಆದರೆ ಇದರಲ್ಲಿ ಇನ್ನೊಂದು ಮಾತು ಅಡಗಿದೆ. ಬ್ರಿಟನ್ನಿನಲ್ಲಿ ಸಾಮಾನ್ಯ ಚಿಕಿತ್ಸೆ ಎಂದರೇನು? ಅಲ್ಲಿನ ಲೇಬರ್ ಸರ್ಕಾರ 1948ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಆರೋಗ್ಯ ಸೇವೆಯ ತರಬೇತಾದ ಅಂಗಸಾಧಕರು, ಕಾಸಿಲ್ಲದೆ. ಬಿಳಿಗೆರೆಯಲ್ಲಿ ಸಾಮಾನ್ಯ ಚಿಕಿತ್ಸೆ ಎಂದರೆ ಎಣ್ಣೆ ತಿಕ್ಕಿ ಜಗಲಿಯ ಮೇಲೆ ಕೂರಿಸುವುದು. ಯಂತ್ರ ಅಲ್ಲಿ ಗೆಲ್ಲಲಿಲ್ಲವೆಂದರೆ ಅದರ ಎದುರಿಗೆ ನಿಂತದ್ದು ಅಂಥ ವ್ಯವಸ್ಥೆ. ನಮಗೆ ಮೊದಲು ಬೇಕಾದುದು ಆ ವ್ಯವಸ್ಥೆ. ಯಂತ್ರ ಅದರ ಕೈಯಾಳಾಗಿ ಬರಲಿ.

ಮನೆಯವರೇ ಅಭ್ಯಾಸ ಮಾಡಿಸಲಿ ಎಂಬ ಅಗ್ಗದ ಉತ್ತರವೂ ಸಿದ್ಧವಾಗಿದೆ. ಅದನ್ನೂ ನಮ್ಮ ದೇಶದಲ್ಲಿಯೇ ಪರೀಕ್ಷಿಸಿ ನೋಡಿದ್ದಾಗಿದೆ. ಹದಿನಾಲ್ಕು ಆಸ್ಪತ್ರೆಗಳ 1,250 ರೋಗಿಗಳಲ್ಲಿ ಒಂದು ಭಾಗದವರ ಮನೆಯವರಿಗೆ ಅಭ್ಯಾಸದ ಕ್ರಮ ಹೇಳಿಕೊಟ್ಟು ಕಳುಹಿಸಿದರು. ಅವರ ಸ್ಥಿತಿ ಉಳಿದವರಿಗಿಂತ ಉತ್ತಮವಾಗಲಿಲ್ಲವೆಂದು 2017ರಲ್ಲಿ ಪ್ರಕಟವಾಯಿತು. ಆಶ್ಚರ್ಯವೇನು? ಕೂಲಿಗೆ ಹೋಗಿ ಬಂದು ಒಲೆ ಹೊತ್ತಿಸುವ ಹೆಂಡತಿ, ದಿನಕ್ಕೆ ಮುನ್ನೂರು ಸಲ ಗಂಡನ ಬೆರಳು ಬಿಡಿಸುತ್ತ ಕೂರುವುದು ಯಾವ ಹೊತ್ತಿನಲ್ಲಿ?

ಇನ್ನು ಕೂಲಿಯ ಪ್ರಶ್ನೆ. ತಿರುಮಕೂಡಲು ನರಸೀಪುರದ ರೇಷ್ಮೆ ಕಾರ್ಖಾನೆಯಲ್ಲಿ ಎಳೆ ಹಿಡಿಯುವುದು ಬೆರಳ ತುದಿಯ ಕೆಲಸ. ನಂಜನಗೂಡಿನ ಕಾರ್ಖಾನೆಗಳಲ್ಲಿಯೂ ಕೈಯೇ ಬಂಡವಾಳ. ಕಾರ್ಮಿಕ ವಿಮೆಯುಳ್ಳವರಿಗೆ ಇ.ಎಸ್.ಐ.ನಲ್ಲಿ ದೀರ್ಘ ರೋಗಗಳ ಪಟ್ಟಿಯೊಂದಿದ್ದು, ಅರ್ಧಾಂಗ ಪಾರ್ಶ್ವವಾಯು ಅದರಲ್ಲಿ ಸೇರಿದೆ. ಸಾಮಾನ್ಯ ಕಾಯಿಲೆಗೆ 91 ದಿನ ಮಾತ್ರ ದೊರೆಯುವ ಭತ್ಯ, ಇದಕ್ಕೆ ಕೂಲಿಯ ಶೇಕಡ 80ರಂತೆ ಎರಡು ವರ್ಷದವರೆಗೂ ದೊರೆಯಬಹುದು. ಬಿಳಿಗೆರೆಯ ಸಣ್ಣ ಅಂಗಡಿಯವನಿಗೋ ಈ ವಿಮೆಯೂ ಇಲ್ಲ. ತಕ್ಕಡಿ ಹಿಡಿಯುವ ಕೈ ಬಿದ್ದ ದಿನವೇ ಅಂಗಡಿಯ ಬಾಗಿಲು ಬೀಳುತ್ತದೆ. ಆಯುಷ್ಮಾನ್ ಭಾರತ್ ಚೀಟಿ ಆಸ್ಪತ್ರೆಯಲ್ಲಿ ಮಲಗಿದವನಿಗೆ ಉಪಯೋಗ; ಮನೆಯಿಂದ ಬಂದು ತಿಂಗಳುಗಟ್ಟಲೆ ಕೈ ಪಳಗಿಸಿಕೊಂಡು ಹೋಗುವ ಹೊರರೋಗಿಗೆ ಅಲ್ಲ. ಕೈಗೆ ಬೇಕಾದುದೋ ಈ ತಿಂಗಳುಗಳೇ. ವಾರಕ್ಕೆ ಮೂರು ಸಲ ಮೈಸೂರಿಗೆ ಹೋಗಿ ಬಾ ಎನ್ನುವುದು ಸುಲಭ. 2023ರಿಂದ ಜೊತೆಗೆ ಬರುವ ಹೆಂಡತಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಸಂತೋಷವೇ. ಅವಳ ಆ ದಿನದ ಕೂಲಿಯನ್ನು ಯಾರು ಕೊಡುತ್ತಾರೆ?

2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಸಂಸ್ಥೆಯೊಡನೆ ಮಿದುಳಿನ ಆರೋಗ್ಯಕ್ಕಾಗಿ ಒಂದು ಯೋಜನೆಯನ್ನು ಆರಂಭಿಸಿತು. ಪ್ರಾಥಮಿಕ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಡುವುದು ಅದರ ಉದ್ದೇಶಗಳಲ್ಲೊಂದು. ಒಳ್ಳೆಯದೇ. ರೋಗ ಗುರುತಿಸಿದ ಮೇಲೆ ಕೈ ಪಳಗಿಸುವವರು ಬೇಡವೆ? ನಂಜನಗೂಡು, ನರಸೀಪುರ ಎರಡೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಅಂಗಸಾಧನೆಯ ಕೋಣೆ ದಿನವೂ ತೆರೆದಿರಬೇಕು, ಅಲ್ಲಿ ಕಾಯಂ ನೌಕರರಿರಬೇಕು. ಗುತ್ತಿಗೆಯವನು ಬಿಟ್ಟುಹೋದ ದಿನ ಬೀಗ ಬೀಳಬಾರದು. ಅಲ್ಲಿಂದ ವಾರಕ್ಕೆರಡು ದಿನ ಒಬ್ಬರು ಬಿಳಿಗೆರೆಗೆ ಬರಬೇಕು. ವೆಲ್ಲೂರಿನವರದಂಥ ಸಣ್ಣ ಯಂತ್ರವನ್ನು ಸರ್ಕಾರ ಕೊಂಡು ಆ ಕೋಣೆಯಲ್ಲಿಡಲಿ. ಒಬ್ಬ ತಜ್ಞ ಒಬ್ಬನ ಕೈ ಹಿಡಿದಿರುವಾಗ ಇನ್ನೊಬ್ಬನ ಕೈ ಯಂತ್ರದಲ್ಲಿ ನೂರಾರು ಸಲ ಆಡಲಿ. ಶಾಸಕರು ಮುಂದಿನ ಸಲ ಮತ ಕೇಳಲು ಬಂದಾಗ ಬಿಳಿಗೆರೆಯವರು ಈ ಕೋಣೆಯ ಬೀಗದ ವಿಷಯವನ್ನೇ ಮೊದಲು ಕೇಳಬೇಕೆಂದು ಸೂಚಿಸುತ್ತೇವೆ.

ಅಲ್ಲಿಯವರೆಗೆ ನಮ್ಮ ಸಂಘಗಳು ಮಾಡಬಹುದಾದ ಕೆಲಸವೊಂದುಂಟು. ಪಾರ್ಶ್ವವಾಯುವಿನಿಂದ ಮನೆ ಹಿಡಿದಿರುವ ಜೊತೆಗಾರರ ವಿಮೆಯ ಕಾಗದಗಳನ್ನು ಕಾರ್ಯದರ್ಶಿಗಳು ಈ ತಿಂಗಳೇ ತರಿಸಿ ನೋಡಲಿ. ಎರಡು ವರ್ಷ ವಿಮೆಯ ಕೆಲಸದಲ್ಲಿದ್ದು, ಆ ಅವಧಿಯಲ್ಲಿ 156 ದಿನಗಳ ವಂತಿಗೆ ಸಂದಿದ್ದರೆ ದೀರ್ಘ ರೋಗದ ಭತ್ಯ ಕೇಳಬಹುದು. 91 ದಿನ ಮುಗಿದೊಡನೆ ಎಲ್ಲ ಮುಗಿಯಿತೆಂದು ತಿಳಿದು ಕೆಲಸಕ್ಕೆ ರಾಜೀನಾಮೆ ಬರೆದುಕೊಡಲು ಹೊರಟವರಿದ್ದರೆ, ಅರ್ಜಿ ಹಾಕುವವರೆಗೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತದಂತೆ ಅವರನ್ನು ತಡೆಯಿರಿ.