ನುಡಿಯೊಡನೆ ಶಾಂತಿಯನ್ನೂ ಉಳಿಸೋಣ

ದೊಡ್ಡ ನಗರವೊಂದರಲ್ಲಿ ಬಾಳುವ ಸಣ್ಣ ಸಮಾಜಕ್ಕೆ ತನ್ನದೆಂಬುದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಹೈದರಾಬಾದಿನ ಕನ್ನಡಿಗರಾದ ನಾವು ಅಂಥ ಸಣ್ಣ ಸಮಾಜವಾಗಿದ್ದೇವೆ. ಬೀದಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಕಚೇರಿಯಲ್ಲಿ ಇಂಗ್ಲಿಷು. ಕನ್ನಡಕ್ಕೆ ಉಳಿದಿರುವುದು ಮನೆ ಮತ್ತು ಶಾಲೆ. ಆದುದರಿಂದ ನುಡಿ ಉಳಿದರೆ ಪರಂಪರೆ ಉಳಿಯಿತೆಂದು ನಾವು ಭಾವಿಸುತ್ತೇವೆ. ಅಷ್ಟೇ ಸಾಕೇ?

ರಷ್ಯಾದ ದುಖೊಬಾರರೆಂಬ ರೈತರ ವೃತ್ತಾಂತ ಇಲ್ಲಿ ಸ್ಮರಣೀಯವಾಗಿದೆ. ಪ್ರತಿಯೊಬ್ಬ ಮನುಷ್ಯನಲ್ಲಿಯೂ ದೇವರು ನೆಲೆಸಿರುವುದರಿಂದ ಯಾರನ್ನೂ ಕೊಲ್ಲಲಾಗದೆಂಬುದು ಅವರ ನಂಬಿಕೆ. 1895ರಲ್ಲಿ ಅವರು ತಮ್ಮ ಆಯುಧಗಳನ್ನು ರಾಶಿ ಹಾಕಿ ಸುಟ್ಟು ಸೈನ್ಯಸೇವೆಯನ್ನು ನಿರಾಕರಿಸಿದರು. ಚಾಟಿಯೇಟು, ಸೆರೆವಾಸ, ಗಡೀಪಾರುಗಳನ್ನು ಸಹಿಸಿದರು. ಮಹರ್ಷಿ ಟಾಲ್‌ಸ್ಟಾಯರು ತಮ್ಮ ‘ಪುನರುತ್ಥಾನ’ ಕಾದಂಬರಿಯ ಹಣವನ್ನು ಅವರ ನೆರವಿಗೆ ಕೊಟ್ಟರು. 1899ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿ ಕೆನಡಾ ದೇಶಕ್ಕೆ ವಲಸೆ ಹೋದರು. ರೊಟ್ಟಿ, ಉಪ್ಪು, ನೀರು ಇವೇ ಅವರ ಪವಿತ್ರ ಚಿಹ್ನೆಗಳು. ಅವರ ಕೀರ್ತನೆಗಳು ಹಿರಿಯರ ಕಂಠದಿಂದ ಕಿರಿಯರ ಕಂಠಕ್ಕೆ ಹರಿದು ಬಂದವು. ಆದರೂ ಇಪ್ಪತ್ತನೆಯ ಶತಮಾನದಲ್ಲಿ ಅವರಲ್ಲಿಯೇ ಒಂದು ಸಣ್ಣ ಪಂಗಡವು ಬೆಂಕಿ ಮತ್ತು ಸಿಡಿಮದ್ದುಗಳ ದಾರಿಯನ್ನು ಹಿಡಿಯಿತು. ಹಾಡು ಕಂಠಸ್ಥವಾದ ಮಾತ್ರಕ್ಕೆ ಅದರ ಅರ್ಥವೂ ಹೃದಯಸ್ಥವಾಗದು. ಶಾಂತಿಯನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿ ಕಲಿಯಬೇಕಾಗುತ್ತದೆ.

ನಮ್ಮ ಪರಂಪರೆಯಲ್ಲಿಯೂ ಇಂಥ ನಿಧಿಯಿದೆ. ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನವು ಅಶೋಕನ ಹೆಸರನ್ನೇ ಹೊತ್ತಿದೆ. ಕಳಿಂಗದ ರಕ್ತಪಾತವನ್ನು ಕಂಡು ಪಶ್ಚಾತ್ತಾಪಪಟ್ಟ ದೊರೆ ಅವನು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ, ಅನ್ಯಮತಗಳನ್ನು ಗೌರವಿಸಬೇಕೆಂಬ ಅವನ ಶಾಸನದ ಭಾಗ ದೊರೆತಿದೆ. ಅದೇ ಜಿಲ್ಲೆಯ ಮಳಖೇಡದಿಂದ ಒಂಬತ್ತನೆಯ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗನು ಯುದ್ಧಕ್ಕಿಂತ ಧರ್ಮ, ಸಾಹಿತ್ಯಗಳಲ್ಲಿ ಹೆಚ್ಚು ಆಸಕ್ತನಾಗಿದ್ದನು. ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಅನ್ಯರ ಧರ್ಮವನ್ನೂ ವಿಚಾರವನ್ನೂ ಸೈರಿಸುವ ಗುಣವೇ ನಿಜವಾದ ಐಶ್ವರ್ಯವೆಂದು ಸಾರಿತು. ನಮ್ಮ ನಗರದ ಕಾಚಿಗೂಡದಲ್ಲಿ ಕನ್ನಡಿಗರು ಶಾಲೆಯೊಂದನ್ನು ಕಟ್ಟಿ ಅದಕ್ಕೆ ನೃಪತುಂಗನ ಹೆಸರನ್ನಿಟ್ಟುದು ಅತ್ಯಂತ ಉಚಿತವಾಗಿದೆ.

ಆದರೆ ಈ ನೆಲವೇ ರಕ್ತವನ್ನೂ ಕಂಡಿದೆ. 1948ರಲ್ಲಿ ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ನಿರಪರಾಧಿಗಳನ್ನು ಕೊಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾದ ಬಳಿಕ ಅನೇಕ ಊರುಗಳಲ್ಲಿ ನಿರಪರಾಧಿ ಮುಸಲ್ಮಾನರ ಹತ್ಯೆಯಾಯಿತು. ಪಂಡಿತ ಸುಂದರಲಾಲರ ಸಮಿತಿಯ ವರದಿ ಇದಕ್ಕೆ ಸಾಕ್ಷಿ. ಒಂದು ದುಃಖವನ್ನು ಮಾತ್ರ ಹೇಳಿ ಇನ್ನೊಂದನ್ನು ಮರೆಯಿಸಿದರೆ ನೆನಪು ದ್ವೇಷದ ಬೀಜವಾಗುತ್ತದೆ. ಎರಡನ್ನೂ ಹೇಳಿದರೆ ಅದು ಎಚ್ಚರಿಕೆಯಾಗುತ್ತದೆ. ಕನ್ನಡ ಸಾಹಿತ್ಯವನ್ನು ಓದಿಯೂ ನೆರೆಯವನನ್ನು ದ್ವೇಷಿಸುವವನು ನೃಪತುಂಗನ ನುಡಿಯನ್ನು ಮಾತ್ರ ಉಳಿಸಿಕೊಂಡು ಅವನ ಐಶ್ವರ್ಯವನ್ನು ಕಳೆದುಕೊಂಡಂತೆಯೇ ಸರಿ.

ಶಾಂತಿಯೆಂಬುದು ದುರ್ಬಲರ ಮಾತೆಂದು ಕೆಲವರು ಹೇಳುವುದುಂಟು. ಚಕ್ರವರ್ತಿಯ ಸೈನಿಕರ ಎದುರಿನಲ್ಲಿ ಬರಿಗೈಯಲ್ಲಿ ನಿಂತ ರೈತರನ್ನು ದುರ್ಬಲರೆನ್ನಬಹುದೇ? ಅನ್ಯಾಯವನ್ನು ಕಂಡು ಸುಮ್ಮನಿರುವುದು ಶಾಂತಿಯಲ್ಲ. ಅನ್ಯಾಯವನ್ನು ಒಪ್ಪದೆ, ಅನ್ಯಾಯಗಾರನನ್ನೂ ಕೊಲ್ಲದೆ ನಿಲ್ಲುವುದೇ ಶಾಂತಿ. ಅದಕ್ಕೆ ಖಡ್ಗ ಹಿಡಿಯುವವನಿಗಿಂತ ಹೆಚ್ಚಿನ ಧೈರ್ಯ ಬೇಕು.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದೇನು? ಮನೆಯಲ್ಲಿ ಮುತ್ಯಾ, ಆಯಿ ಇದ್ದರೆ ಅವರ ಬಳಿ ಕುಳಿತು ಹಳೆಯ ಹಾಡುಗಳನ್ನೂ ಊರಿನ ಕಥೆಗಳನ್ನೂ ಕೇಳಿ ಕನ್ನಡದಲ್ಲಿ ಬರೆದಿಡೋಣ. ಕಷ್ಟಕಾಲದಲ್ಲಿ ಅನ್ಯಮತದವರು ನೀಡಿದ ಆಶ್ರಯದ ಕಥೆಗಳಿದ್ದರೆ ಅವನ್ನು ಮೊದಲು ಬರೆಯೋಣ. ತೆಲುಗು, ಉರ್ದು ಮಾತನಾಡುವ ಗೆಳೆಯರ ನುಡಿಯನ್ನು ಕಲಿತು, ನಮ್ಮ ನುಡಿಯ ಸವಿಯನ್ನು ಅವರಿಗೂ ಉಣಿಸೋಣ. ಆಟದ ಬಯಲಿನಲ್ಲಿ ಜಗಳ ಎದ್ದಾಗ ಕೈಯೆತ್ತುವ ಮೊದಲು ಮಾತನಾಡುವುದನ್ನು ಕಲಿಯೋಣ. ದೊಡ್ಡ ಶಾಂತಿಯ ಪಾಠಶಾಲೆ ಆ ಬಯಲೇ ಆಗಿದೆ.

ನಮ್ಮ ಸಂಖ್ಯೆ ಅಲ್ಪವೆಂದು ಕೊರಗಬೇಕಾಗಿಲ್ಲ. ಈ ಮಹಾನಗರದಲ್ಲಿ ಕನ್ನಡದ ದನಿ ಕೇಳಿದಲ್ಲೆಲ್ಲ ನೆರೆಯವನ ಮನಸ್ಸಿಗೆ ನೆಮ್ಮದಿಯಾಗುವುದಾದರೆ ನಮ್ಮ ಪರಂಪರೆ ಬದುಕಿದೆ ಎಂದೇ ಅರ್ಥ.