ಬರಿದಾದ ಗಣಿಗಳ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ನಮ್ಮಲ್ಲಿ ಬಹುಮಟ್ಟಿಗೆ ದೇವಾಲಯಗಳಿಗೂ ಕೆರೆಕಟ್ಟೆಗಳಿಗೂ ಮೀಸಲಾಗಿರುವುದು. ಹೊಸತನ್ನು ಕಟ್ಟಿಸಿದವನಿಗಿಂತ ಜೀರ್ಣವಾದುದನ್ನು ಎತ್ತಿ ನಿಲ್ಲಿಸಿದವನಿಗೆ ಪುಣ್ಯವು ಹೆಚ್ಚೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ಹೊಗೆಯುಗುಳಿ ಊರನ್ನೆಲ್ಲ ಕಪ್ಪುಮಾಡಿದ ಕಲ್ಲಿದ್ದಲ ಗಣಿಗೂ ಜೀರ್ಣೋದ್ಧಾರವುಂಟೆ? ಉಂಟೆಂದು ಜರ್ಮನಿಯ ರೂರ್ ಪ್ರಾಂತದವರು ತೋರಿಸಿಕೊಟ್ಟಿರುವರು. ಆ ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಆ ಪ್ರಾಂತದ ಎಸ್ಸೆನ್ ನಗರದಲ್ಲಿ ತ್ಸೊಲ್‌ಫರೈನ್ ಎಂಬುದೊಂದು ಗಣಿ. ಅದರ ಮೊದಲ ಬಾವಿಯನ್ನು 1847ರಲ್ಲಿ ತೋಡತೊಡಗಿದರು. ಶುಪ್, ಕ್ರೆಮ್ಮರ್ ಎಂಬಿಬ್ಬರು ವಾಸ್ತುಶಿಲ್ಪಿಗಳು ರೂಪಿಸಿದ 12ನೆಯ ಬಾವಿಯು 1932ರಲ್ಲಿ ಕೆಲಸಕ್ಕೆ ತೊಡಗಿ, ದಿನವೊಂದಕ್ಕೆ 12,000 ಟನ್ ಕಲ್ಲಿದ್ದಲನ್ನು ಮೇಲಕ್ಕೆ ಕೊಡುತ್ತಿದ್ದಿತು. 1986ರಲ್ಲಿ ಗಣಿಯು ಮುಚ್ಚಿತು. ಪಕ್ಕದ ಕೋಕ್ ಕಾರ್ಖಾನೆಯ ಬೆಂಕಿಯೂ 1993ರಲ್ಲಿ ಆರಿತು. ಆ ಕಾರ್ಖಾನೆಯನ್ನು ಬಿಚ್ಚಿ ಚೀನಾ ದೇಶಕ್ಕೆ ಮಾರುವ ಮಾತೂ ನಡೆದು ಮುರಿದುಬಿದ್ದಿತು. ಕಡೆಗೆ 2001ರಲ್ಲಿ ಯುನೆಸ್ಕೋ ಸಂಸ್ಥೆಯು ಇಡಿಯ ನೆಲೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಹಂಪೆಯಿರುವ ಪಟ್ಟಿಯೇ ಅದು!

ಈಗ ಅಲ್ಲಿ ಕಲ್ಲಿದ್ದಲನ್ನು ತೊಳೆಯುತ್ತಿದ್ದ ಮಹಾಭವನವು ಪ್ರಾಂತದ ಚರಿತ್ರೆಯನ್ನು ಹೇಳುವ ವಸ್ತುಸಂಗ್ರಹಾಲಯವಾಗಿದೆ. ಉಗಿಯ ಹಂಡೆಗಳಿದ್ದ ಮನೆಯಲ್ಲಿ ಹಂಡೆಗಳನ್ನು ಕೀಳದೆಯೇ, ಅವುಗಳ ನಡುವೆ ಈ ಕಾಲದ ಕುರ್ಚಿ ದೀಪ ಮುಂತಾದ ಗೃಹೋಪಕರಣಗಳ ಪ್ರದರ್ಶನವನ್ನಿಟ್ಟಿರುವರು. ಚಳಿಗಾಲದಲ್ಲಿ ಕೋಕ್ ಒಲೆಗಳ ಸಾಲಿನ ಪಕ್ಕದಲ್ಲಿ ನೀರನ್ನು ಹೆಪ್ಪುಗಟ್ಟಿಸಿ ಮಕ್ಕಳು ಜಾರಾಟವಾಡುವರು. ಹಳೆಯ ರೈಲುಹಳಿಗಳ ನಡುವೆ ತಾನಾಗಿ ಬೆಳೆದ ಭೂರ್ಜವೃಕ್ಷಗಳನ್ನು ಕಡಿಯದೆ ಕಾಡಾಗಲು ಬಿಟ್ಟಿರುವರು. ತುಕ್ಕನ್ನೆಲ್ಲ ಉಜ್ಜಿ ಬಣ್ಣ ಬಳಿಯಲಿಲ್ಲವೆಂಬುದೇ ನಮಗೆ ಮೆಚ್ಚಿಕೆಯಾದುದು. ನಮ್ಮಲ್ಲಾಗಿದ್ದರೆ ಮೊದಲು ಸುಣ್ಣವನ್ನು ತರಿಸುತ್ತಿದ್ದೆವು. ಹತ್ತಿರದ ಡ್ಯುಯಿಸ್‌ಬುರ್ಗಿನಲ್ಲಿ 1985ರಲ್ಲಿ ನಿಂತ ಕಬ್ಬಿಣದ ಕಾರ್ಖಾನೆಯ ಅನಿಲದ ತೊಟ್ಟಿಗೆ ನೀರು ತುಂಬಿಸಿ, ಮುಳುಗುವ ವಿದ್ಯೆಯನ್ನು ಕಲಿಸುತ್ತಿರುವರು.

ಇವು ಕಣ್ಣಿಗೆ ಕಾಣುವ ಬೆಡಗು. ಕಾಣದ ಕೆಲಸ ಇದಕ್ಕಿಂತ ದೊಡ್ಡದು. ಕೆಳಗಿನ ಕಲ್ಲಿದ್ದಲನ್ನು ತೆಗೆದಂತೆ ಮೇಲಿನ ನೆಲವು ಕುಸಿಯುತ್ತ ಹೋಯಿತು. ಕೆಲವೆಡೆ 20 ಮೀಟರಿಗೂ ಮಿಗಿಲಾಗಿ. ಕುಸಿಯುವ ನೆಲದಲ್ಲಿ ಹೂಳಿದ ಕೊಳವೆಗಳು ಒಡೆಯುವುದರಿಂದ ಊರುಗಳ ಕೊಳಚೆಯನ್ನೆಲ್ಲ ಎಮ್‌ಶರ್ ನದಿಗೆ ಬಿಟ್ಟರು. ನೂರು ವರ್ಷಕ್ಕೂ ಮೇಲಾಗಿ ಆ ನದಿಯು ಬರಿಯ ಚರಂಡಿಯಾಗಿದ್ದಿತು. ಗಣಿಗಳು ಅಲ್ಲಿಂದ ತೊಲಗಿ ನೆಲವು ನೆಲೆನಿಂತ ಬಳಿಕ 51 ಕಿಲೋಮೀಟರ್ ಉದ್ದದ ಸುರಂಗಗಾಲುವೆಯನ್ನು ತೋಡಿ, 2021ರ ಕೊನೆಗೆ ನದಿಯನ್ನು ಕೊಳಚೆಯಿಂದ ಬಿಡಿಸಿದರು. ಕುಸಿದ ಪ್ರದೇಶದಿಂದ ಮಾತ್ರ ಇಂದಿಗೂ ಹಗಲಿರುಳು ಪಂಪುಗಳು ನೀರೆತ್ತುತ್ತಲೇ ಇರಬೇಕು. ಅವು ನಿಂತರೆ ಮನೆಮಠಗಳಿರುವ ವಿಸ್ತಾರವಾದ ನೆಲವೇ ಸರೋವರವಾದೀತು. ಈ ವೆಚ್ಚಕ್ಕಾಗಿಯೇ 2007ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಿರುವರು. ಅಜ್ಜನ ಸಾಲವನ್ನು ಮೊಮ್ಮಗನು ಬಡ್ಡಿಯಿಲ್ಲದೆ ತೀರಿಸಬೇಕು, ಮರಿಮಗನಿಗೆ ಆ ಹೊಣೆಯಿಲ್ಲ ಎಂಬುದು ನಮ್ಮ ಧರ್ಮಶಾಸ್ತ್ರಕಾರರ ನಿರ್ಣಯ. ಭೂಮಿಯಿಂದ ಮಾಡಿದ ಈ ಸಾಲದಲ್ಲಿ ಮರಿಮಗನಿಗೂ ವಿನಾಯಿತಿಯಿಲ್ಲ.

ದುಡಿದವರ ಗತಿಯೇನಾಯಿತೆಂದು ವಾಚಕರು ಕೇಳಬಹುದು, ಕೇಳಲೇಬೇಕು. 1957ರಲ್ಲಿ ಜರ್ಮನಿಯ ಪಶ್ಚಿಮಭಾಗದ ಕಲ್ಲಿದ್ದಲ ಗಣಿಗಳಲ್ಲಿ ಸುಮಾರು ಆರು ಲಕ್ಷ ಜನರಿದ್ದರು. ಅಷ್ಟು ಸಂಸಾರಗಳಿಗೆ ವಸ್ತುಸಂಗ್ರಹಾಲಯವು ಅನ್ನವಿಕ್ಕಲಾರದು. ಆದರೆ ಕಡೆಯ ಗಣಿಯು 2018ರ ಡಿಸೆಂಬರಿನಲ್ಲಿ ಮುಚ್ಚಿತು. ನಡುವೆ ಅರವತ್ತು ವರ್ಷಗಳ ಅವಕಾಶವಿದ್ದಿತು. ಸರಕಾರವು ಹಣವನ್ನು ಸುರಿದು ಮುಚ್ಚುಗಡೆಯನ್ನು ನಿಧಾನಗೊಳಿಸಿತು. ವಯಸ್ಸಾದವರಿಗೆ ಮುಂಚಿತವಾಗಿ ನಿವೃತ್ತಿವೇತನ, ಕಿರಿಯರಿಗೆ ಬೇರೆ ಕಸಬಿನ ಶಿಕ್ಷಣ ದೊರೆಯಿತು. 1965ರಲ್ಲಿ ಬೋಖುಮಿನಲ್ಲಿ ವಿಶ್ವವಿದ್ಯಾಲಯವೂ ತೆರೆಯಿತು. ನಾವು ಉಪಾಧ್ಯಾಯರಾಗಿದ್ದವರಾದುದರಿಂದ ಈ ಕಡೆಯ ಕಾರ್ಯವನ್ನೇ ಮೊದಲು ಎಣಿಸುತ್ತೇವೆ. ತ್ಸೊಲ್‌ಫರೈನನ್ನು ನೋಡಬಂದವರಿಗೆ ದಾರಿ ತೋರಿಸುವವರಲ್ಲಿ ಹಿಂದೆ ಅಲ್ಲಿಯೇ ದುಡಿದವರೂ ಉಂಟು.

ನಮ್ಮ ಕೋಲಾರದ ಗಣಿಗಳಲ್ಲಿ ದೊರೆತುದು ಚಿನ್ನವಾದರೂ ಕಥೆಯು ದೂರದ್ದಲ್ಲ. ಶಿವನಸಮುದ್ರದ ವಿದ್ಯುತ್ತನ್ನು 1902ರಲ್ಲಿಯೇ ಕಂಡ, ಮೂರು ಕಿಲೋಮೀಟರಿಗೂ ಆಳವಾದ ಆ ಗಣಿಗಳು 2001ರ ಫೆಬ್ರವರಿ 28ರಂದು ನಿಂತುಹೋದುವು. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಸೈನೈಡ್ ದಿಬ್ಬಗಳ ದೂಳು ಗಾಳಿಯೆದ್ದಾಗ ಮನೆಮನೆಗೂ ನುಗ್ಗುವುದು. ಗಣಿಕೆಲಸದವರ ಮಕ್ಕಳು ಮೊಮ್ಮಕ್ಕಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವರು. ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಮಾತು ಆಗಾಗ ಕೇಳಿಬರುವುದು. ಆ ಊರಿನ ನೆಲವನ್ನೂ ಜನರನ್ನೂ ಕುರಿತ ಮಾತು ಅಷ್ಟಾಗಿ ಕೇಳಿಬರದು.

ಆ ಸುರಂಗಗಳಿಗಿಳಿದು ದುಡಿದ ವೃದ್ಧರು ಇನ್ನೂ ಕೆಲವರಿರುವರು. ಯಾವ ಬಾವಿಯಲ್ಲಿ ಏನು ನಡೆಯುತ್ತಿತ್ತು, ಯಾವ ಯಂತ್ರವು ಎಲ್ಲಿದ್ದಿತು ಎಂಬುದನ್ನು ಕಂಡು ಹೇಳಬಲ್ಲವರು ಅವರು. ಅಂಥವರ ಬಾಯಿಂದ ಕೇಳಿ ಬರೆದಿಟ್ಟುಕೊಂಡ ವಾಚಕರಾರಾದರೂ ಇದ್ದರೆ ಪತ್ರಿಕೆಗೆ ಕಳುಹಿಸಬೇಕೆಂದು ಕೋರುತ್ತೇವೆ.