ಅಜ್ಜಿಯನ್ನು ತಳ್ಳಿದವರು ಯಾರು?

ಮಕ್ಕಳೇ, ಈ ವಾರದ ಪಾಠ ನನ್ನದಲ್ಲ. ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳದ್ದು. ನಾನು ಬಿ.ಕಾಂ. ಓದಿದವನು, ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಕೂದಲು ಬೆಳ್ಳಗೆ ಮಾಡಿಕೊಂಡವನು. ಜಮಾ-ಖರ್ಚು ಗೊತ್ತು. ಬಲ, ಚಲನೆ ಎಂಬುದನ್ನೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ದಿನವೇ ಮರೆತೆ. ಆ ಮರೆವಿನಿಂದ ಒಬ್ಬ ಹುಡುಗನಿಗೆ ಅನ್ಯಾಯವಾಯಿತು.

ಕೆಲವು ತಿಂಗಳ ಹಿಂದೆ ನಾನೂ ಅಜ್ಜಿಯೂ ಕಡೂರಿಗೆ ಹೋಗಿ ಸಿಂಗಟಗೆರೆಗೆ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ಬಸ್ಸು ತುಂಬಿತ್ತು. ಅಜ್ಜಿಗೆ ಸೀಟು ಸಿಕ್ಕಿತು, ನಾನು ಪಕ್ಕದಲ್ಲಿ ನಿಂತಿದ್ದೆ. ಊರು ಇನ್ನೂ ಒಂದು ಕಿಲೋಮೀಟರ್ ಇರುವಾಗಲೇ ಅಜ್ಜಿ ಎದ್ದು ನಿಂತಳು. (ಅಜ್ಜಿಯರೆಲ್ಲ ಹೀಗೇ ಅಲ್ಲವೇ? ಬಸ್ಸು ತಮ್ಮನ್ನು ಬಿಟ್ಟು ಹೋಗಿಬಿಡುತ್ತದೆ ಎಂಬ ಭಯ.) ಒಂದು ಕೈಯಲ್ಲಿ ಬಟ್ಟೆ ಚೀಲ, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ. "ಕೂತ್ಕೊಳಮ್ಮ, ಇನ್ನೂ ಸ್ಟಾಪ್ ಬಂದಿಲ್ಲ" ಎಂದು ಕಂಡಕ್ಟರು ಹೇಳುತ್ತಿದ್ದಂತೆಯೇ ರಸ್ತೆಗೆ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಹಾಕಿದರು. ಅಜ್ಜಿ ಮುಂದಕ್ಕೆ ಮುಗ್ಗರಿಸಿ ಬಿದ್ದಳು. ಸೀಟಿನ ಕಂಬಿಗೆ ಮುಂಗೈ ಬಡಿಯಿತು. ಡಬ್ಬಿ ಉರುಳಿ ಎಲ್ಲೋ ಹೋಯಿತು.

ಅಜ್ಜಿಯ ಹಿಂದೆ ಕಾಲೇಜು ಹುಡುಗನೊಬ್ಬ ನಿಂತಿದ್ದ. "ಯಾಕಪ್ಪಾ ತಳ್ಳಿದೆ?" ಎಂದಳು ಅಜ್ಜಿ ನೋವಿನಲ್ಲಿ. "ನಾನು ತಳ್ಳಲಿಲ್ಲ ಅಜ್ಜಿ" ಎಂದ. ನಾನು ಸುಮ್ಮನಿರಬೇಕಿತ್ತು. "ತಳ್ಳದೆ ಮನುಷ್ಯರು ತಾವಾಗಿ ಹಾರಿ ಬೀಳ್ತಾರೇನೋ?" ಎಂದು ಗದರಿಸಿದೆ. ನಾಲ್ಕು ಜನ ನನ್ನ ಜೊತೆ ಸೇರಿಕೊಂಡರು. ಹುಡುಗ ಉರುಳಿದ ಡಬ್ಬಿಯನ್ನು ಹುಡುಕಿ ತಂದುಕೊಟ್ಟು, ಮಾತಾಡದೆ ಇಳಿದು ಹೋದ. ಅಜ್ಜಿಯ ಮುಂಗೈ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಕೈಗೆ ಪಟ್ಟಿ.

ಮೊಮ್ಮಗಳು ರಜೆಗೆ ಬಂದಾಗ ಈ ಕಥೆ ಹೇಳಿದೆವು. ಅವಳು ಕೇಳಿದ ಮೊದಲ ಪ್ರಶ್ನೆಗೇ ನಾನು ತಡವರಿಸಿದೆ.

"ತಾತ, ಆಗ ಆ ಅಣ್ಣನ ಕೈ ಎಲ್ಲಿತ್ತು?"

ನೆನಪು ಮಾಡಿಕೊಂಡೆ. ಮೇಲಿನ ಕಂಬಿಯ ಮೇಲೆ. ಎರಡೂ.

"ಬೆನ್ನಿಗೆ ಯಾರೋ ಕೈ ಇಟ್ಟ ಹಾಗೇ ಆಯ್ತು ಕಣೇ" ಎಂದಳು ಅಜ್ಜಿ.

"ಹಾಗೆ ಅನ್ನಿಸುತ್ತೆ ಅಜ್ಜಿ. ಆದರೆ ನಿನ್ನನ್ನು ಯಾರೂ ತಳ್ಳಲಿಲ್ಲ. ಬಸ್ಸನ್ನು ಬ್ರೇಕ್ ನಿಲ್ಲಿಸಿತು, ನಿನ್ನನ್ನು ನಿಲ್ಲಿಸೋರು ಯಾರೂ ಇರಲಿಲ್ಲ, ಅಷ್ಟೇ" ಎಂದಳು ಮೊಮ್ಮಗಳು.

ನನಗೆ ಇದು ತಲೆಗೆ ಹೋಗಲಿಲ್ಲ. ವಸ್ತು ಚಲಿಸಬೇಕಾದರೆ ಯಾರಾದರೂ ತಳ್ಳುತ್ತಲೇ ಇರಬೇಕು, ಬಿಟ್ಟರೆ ನಿಲ್ಲುತ್ತದೆ ಎಂದೇ ಎಪ್ಪತ್ತು ವರ್ಷ ನಂಬಿದ್ದೆ. ಎತ್ತು ನಿಂತರೆ ಗಾಡಿ ನಿಲ್ಲುತ್ತದೆ, ಇದನ್ನು ಯಾರು ಕಂಡಿಲ್ಲ? ಗ್ರೀಸ್ ದೇಶದ ಮಹಾಪಂಡಿತ ಅರಿಸ್ಟಾಟಲನೂ ಹೀಗೆಯೇ ತಿಳಿದಿದ್ದನಂತೆ, ಆದ್ದರಿಂದ ನನಗೆ ಅಷ್ಟೇನೂ ನಾಚಿಕೆಯಾಗಲಿಲ್ಲ. ಗೆಲಿಲಿಯೋ ಅದನ್ನು ಅಲ್ಲಾಡಿಸಿದ, 1687ರಲ್ಲಿ ನ್ಯೂಟನ್ ತನ್ನ ಪುಸ್ತಕದಲ್ಲಿ ನಿಯಮವಾಗಿ ಬರೆದ.

ಮೊಮ್ಮಗಳು ಪುಸ್ತಕ ತೆರೆದು ಓದಿದಳು. ಬಲಗಳು ಸಮತೋಲನದಲ್ಲಿದ್ದರೆ ವಸ್ತುವಿನ ಚಲನೆ ಬದಲಾಗದು. ಅಸಮತೋಲಿತ ಬಲ ಇದ್ದರೆ ಮಾತ್ರ ಬದಲಾಗುತ್ತದೆ. "ಬದಲಾಗದು ಅಂದರೆ ನಿಂತೇ ಇರುತ್ತೆ ಅಂತ ತಾನೆ?" ಎಂದೆ. "ಅಲ್ಲ ತಾತ!" ಎಂದು ಹಣೆ ಚಚ್ಚಿಕೊಂಡಳು. ನನಗೆ ಅರ್ಥವಾಗುವ ಭಾಷೆಯಲ್ಲೇ ಹೇಳಬೇಕು ಎಂದುಕೊಂಡು, ನನ್ನ ಪಾಸ್‌ಬುಕ್ಕನ್ನೇ ತಂದಳು.

"ನಿನ್ನ ಖಾತೆಯಲ್ಲಿ 5000 ರೂಪಾಯಿ ಇದೆ ಅಂದುಕೋ. ಇವತ್ತು 200 ಜಮೆ ಮಾಡಿದೆ, 200 ತೆಗೆದೆ. ಸಂಜೆ ಎಷ್ಟಿರುತ್ತೆ?"

"5000."

"ಸೊನ್ನೆ ಅಲ್ಲ ತಾನೆ?"

ಇಷ್ಟು ವರ್ಷ ಲೆಡ್ಜರ್ ಬರೆದವನಿಗೆ ಇದು ಹೊಳೆದಿರಲಿಲ್ಲ ನೋಡಿ! ವೇಗವೆಂಬುದು ಖಾತೆಯಲ್ಲಿರುವ ಶಿಲ್ಕು. ಬಲವೆಂಬುದು ಜಮೆ ಮತ್ತು ಖರ್ಚಿನ ನಮೂದು. ಎರಡೂ ಕಡೆ ಸಮವಾದರೆ ಶಿಲ್ಕು ಇದ್ದಷ್ಟೇ ಉಳಿಯುತ್ತದೆ. ನಿಂತಿದ್ದದ್ದು ನಿಂತೇ ಇರುತ್ತದೆ, ಓಡುತ್ತಿದ್ದದ್ದು ಅದೇ ವೇಗದಲ್ಲಿ ನೇರವಾಗಿ ಓಡುತ್ತಲೇ ಇರುತ್ತದೆ. ಹೆಚ್ಚು ಕಡಿಮೆಯಾದರೆ ಮಾತ್ರ ಶಿಲ್ಕು ಏರುತ್ತದೆ ಅಥವಾ ಇಳಿಯುತ್ತದೆ. ಒಂದೇ ವ್ಯತ್ಯಾಸವೆಂದರೆ ಬಲಕ್ಕೆ ದಿಕ್ಕೂ ಉಂಟು. ಪಕ್ಕದಿಂದ ಬಂದ ಬಲ ವಸ್ತುವಿನ ದಾರಿಯನ್ನೇ ತಿರುಗಿಸಬಲ್ಲದು. ಹಣಕ್ಕೆ ಆ ಭಾಗ್ಯವಿಲ್ಲ.

ಆಮೇಲೆ ಎಲ್ಲೆಲ್ಲೂ ಇದೇ ಕಾಣತೊಡಗಿತು. ನಮ್ಮೂರ ಕಲ್ಲೇಶ್ವರಸ್ವಾಮಿಯ ತೇರನ್ನೇ ನೆನೆಯಿರಿ. ಮೊದಲ ಹತ್ತು ಜನ ಮಿಣಿ ಹಿಡಿದು ಎಳೆಯುತ್ತಾರೆ, ತೇರು ಮಿಸುಕುವುದಿಲ್ಲ. ಅವರು ಎಳೆದಷ್ಟೇ ಬಲದಿಂದ ನೆಲವೂ ಅಚ್ಚೂ ಘರ್ಷಣೆಯಾಗಿ ಹಿಂದಕ್ಕೆ ಹಿಡಿದಿವೆ. ಜಮೆಗೆ ಸರಿಯಾಗಿ ಖರ್ಚು. ಇನ್ನಷ್ಟು ಜನ ಕೈ ಹಚ್ಚುತ್ತಾರೆ, ಗಾಲಿಗೆ ಸನ್ನೆ ಹಾಕಿ ಮೀಟುತ್ತಾರೆ. ಘರ್ಷಣೆಗೂ ಒಂದು ಮಿತಿಯಿದೆ, ಅದು ಅಷ್ಟಕ್ಕೇ ಮುಗಿಯಿತು. ಎಳೆತ ಅದನ್ನು ಮೀರಿದ ಕ್ಷಣ ತೇರು ಅಲುಗುತ್ತದೆ. ಒಮ್ಮೆ ಉರುಳತೊಡಗಿದ ಮೇಲೆ ಅಷ್ಟು ಬಲ ಬೇಡ. ಬರೀ ಘರ್ಷಣೆಗೆ ಸರಿದೂಗುವಷ್ಟು ಎಳೆದರೆ ಒಂದೇ ವೇಗದಲ್ಲಿ ಬರುತ್ತದೆ. ನಿಲ್ಲಿಸಬೇಕಾದಾಗ ಗಾಲಿಯ ಮುಂದೆ ಮರದ ತುಂಡು ಕೊಡುತ್ತಾರಲ್ಲ, ಅದು ಖರ್ಚಿನ ಕಡೆಯ ದೊಡ್ಡ ನಮೂದು. ಚಿಕ್ಕಂದಿನಲ್ಲಿ ನಾನು ತೇರಿನ ಮುಂದೆ ಓಡುತ್ತಿದ್ದಾಗ ನಮ್ಮಪ್ಪ ಕಿವಿ ಹಿಂಡಿ ಪಕ್ಕಕ್ಕೆ ಎಳೆದಿದ್ದರು. ಎಳೆಯುವವರು ಹಗ್ಗ ಬಿಟ್ಟ ತಕ್ಷಣ ತೇರು ನಿಲ್ಲುವುದಿಲ್ಲ ಎಂದು ಅವರಿಗೆ ನ್ಯೂಟನ್ನನನ್ನು ಓದದೆಯೂ ಗೊತ್ತಿತ್ತು.

ಕಡೂರಿನಲ್ಲಿ ನಿಲ್ಲದೆ ಹೋಗುವ ರೈಲೂ ಹಾಗೆಯೇ. ಸಮತಟ್ಟಾದ ನೇರ ಹಳಿಯ ಮೇಲೆ ಒಂದೇ ವೇಗದಲ್ಲಿ ಓಡುತ್ತಿದೆ ಎಂದರೆ, ಎಂಜಿನ್ನಿನ ಎಳೆತಕ್ಕೂ ಗಾಳಿ ಮತ್ತು ಹಳಿಗಳ ತಡೆಗೂ ಲೆಕ್ಕ ಚುಕ್ತಾ ಆಗಿದೆ. ತಡೆಯೇ ಇಲ್ಲದಿದ್ದರೆ? 1977ರಲ್ಲಿ ಅಮೆರಿಕದವರು ಹಾರಿಸಿದ ವಾಯೇಜರ್-1 ನೌಕೆ ಇಂದಿಗೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೂರ್ಯನಿಂದ ದೂರ ಹೋಗುತ್ತಿದೆ. ಮುಂದಕ್ಕೆ ತಳ್ಳಲು ಯಾವ ಎಂಜಿನ್ನೂ ಉರಿಯುತ್ತಿಲ್ಲ. ಅಲ್ಲಿ ತಡೆಯಲು ಗಾಳಿಯಿಲ್ಲ, ಸೂರ್ಯನ ಸೆಳೆತವೂ ಅಷ್ಟು ದೂರದಲ್ಲಿ ಬಹಳ ಕಡಿಮೆ.

ಇನ್ನು ಬಸ್ಸಿಗೆ ಬರೋಣ. ಗುಮಾಸ್ತನಲ್ಲವೇ, ಲೆಕ್ಕ ಹಾಕದೆ ನನಗೆ ನಿದ್ದೆ ಬರುವುದಿಲ್ಲ. ಬಸ್ಸು ಗಂಟೆಗೆ 36 ಕಿ.ಮೀ. ವೇಗದಲ್ಲಿತ್ತು ಎನ್ನಿ, ಅಂದರೆ ಸೆಕೆಂಡಿಗೆ 10 ಮೀಟರ್. ಬಸ್ಸಿನೊಳಗೆ ನಿಂತಿದ್ದ ಅಜ್ಜಿಯ ಖಾತೆಯಲ್ಲೂ ಅಷ್ಟೇ ಶಿಲ್ಕು. ಬಸ್ಸು 2 ಸೆಕೆಂಡಿನಲ್ಲಿ ನಿಂತಿತು ಎಂದಿಟ್ಟುಕೊಂಡರೆ, ಸೆಕೆಂಡಿಗೆ 5 ಮೀಟರಿನಂತೆ ವೇಗ ಇಳಿಯಬೇಕು. ಅಜ್ಜಿಯ ತೂಕ (ಅವಳು ಒಪ್ಪುವಷ್ಟು) 60 ಕೇಜಿ. 60ನ್ನು 5ರಿಂದ ಗುಣಿಸಿದರೆ 300 ನ್ಯೂಟನ್. ಸುಲಭವಾಗಿ ಹೇಳುವುದಾದರೆ, 30 ಕೇಜಿ ಅಕ್ಕಿ ಮೂಟೆಯನ್ನು ಎತ್ತಿ ಹಿಡಿಯಲು ಬೇಕಾಗುವಷ್ಟು ಬಲ ಅಜ್ಜಿಯನ್ನು ಹಿಂದಕ್ಕೆ ಹಿಡಿಯಬೇಕಿತ್ತು. ಚಪ್ಪಲಿಯ ಘರ್ಷಣೆ ಪಾದವನ್ನಷ್ಟೇ ಹಿಡಿಯಿತು. ಮೇಲಿನ ದೇಹ ತನ್ನ ಹಳೆಯ ವೇಗದಲ್ಲೇ ಮುಂದೆ ಹೋಯಿತು. ಹುಡುಗನಿಗೆ ಆ ಬಲವನ್ನು ಕಂಬಿ ಕೊಟ್ಟಿತು, ಅವನ ಎರಡು ಕೈಗಳ ಮೂಲಕ. ಅಜ್ಜಿಯ ಎರಡು ಕೈಗಳಲ್ಲಿ ಚೀಲ, ಡಬ್ಬಿ. ಅದೇ ಬಸ್ಸು ನಿಧಾನವಾಗಿ 10 ಸೆಕೆಂಡಿನಲ್ಲಿ ನಿಂತಿದ್ದರೆ 60 ನ್ಯೂಟನ್ ಸಾಕಿತ್ತು, ಕಾಲೂರಿ ನಿಂತೇ ಸಂಭಾಳಿಸಬಹುದಿತ್ತು.

ನಿಮಗೆ ಅನುಮಾನವಿದ್ದರೆ ತಾತನನ್ನು ಕೂರಿಸಿಕೊಂಡು ಕೇರಂ ಬೋರ್ಡ್ ತೆಗೆಯಿರಿ. ಪೌಡರ್ ಹಾಕದೆ ಸ್ಟ್ರೈಕರ್ ಹೊಡೆಯಿರಿ, ಪೌಡರ್ ಹಾಕಿ ಅಷ್ಟೇ ಜೋರಾಗಿ ಹೊಡೆಯಿರಿ. ಬೆರಳು ಬಿಟ್ಟ ಮೇಲೆ ಅದನ್ನು ಯಾರೂ ಮುಂದಕ್ಕೆ ತಳ್ಳುತ್ತಿಲ್ಲ. ಆದರೂ ಪೌಡರ್ ಹಾಕಿದಾಗ ಏಕೆ ಅಷ್ಟು ದೂರ ಹೋಯಿತು ಎಂದು ತಾತನನ್ನೇ ಕೇಳಿ.

ಪಟ್ಟಿ ಬಿಚ್ಚಿದ ಮೇಲೆ ಅಜ್ಜಿಯೇ ಹೇಳಿದಳು, "ರೀ, ಆ ಹುಡುಗ ಸಿಕ್ಕಿದ್ರೆ ಒಂದು ಮಾತು ಹೇಳ್ಬೇಕು." ಮೂರು ಸಲ ಕಡೂರಿಗೆ ಹೋಗಿ ಬಂದರೂ ಕಾಣಲಿಲ್ಲ. ಹೋದ ಸೋಮವಾರ ಸಿಕ್ಕಿದ. ಬಸ್ಸಿನ ಹಿಂಬಾಗಿಲ ಬಳಿ ನಿಂತಿದ್ದ. ನಮ್ಮನ್ನು ಕಂಡು ಮುಖ ಆಚೆ ತಿರುಗಿಸಿದ. ನಾನು ದಡಬಡ ಎದ್ದೆ. ಅಜ್ಜಿ ನನ್ನ ಷರ್ಟಿನ ಚುಂಗು ಹಿಡಿದು ಎಳೆದು ಕೂರಿಸಿದಳು. "ಬಸ್ ನಿಲ್ಲಲಿ."

ಸಿಂಗಟಗೆರೆಯಲ್ಲಿ ಬಸ್ಸು ನಿಂತ ಮೇಲೆ ಎದ್ದು ಹೋಗಿ, "ಅವತ್ತಿನದು ನನ್ನ ತಪ್ಪಪ್ಪಾ, ನೀನು ತಳ್ಳಿರಲಿಲ್ಲ" ಎಂದೆ. ಅವತ್ತು ನನ್ನ ಜೊತೆ ಸೇರಿ ಬೈದವರಲ್ಲಿ ಇಬ್ಬರು ಅಲ್ಲೇ ಇದ್ದರು, ಅವರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ. ಅವನು ಸ್ವಲ್ಪ ಹೊತ್ತು ನನ್ನನ್ನು ನೋಡಿ, "ಅಜ್ಜಿ ಕೈ ಹೇಗಿದೆ?" ಎಂದ. ಅಜ್ಜಿ ಚೀಲ, ಡಬ್ಬಿ ಎರಡನ್ನೂ ಅವನ ಕೈಗೆ ಕೊಟ್ಟು, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.